ಆ ಎರಡು ಮನೆಗಳನ್ನು ಅಳಿಸಬೇಡಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ಸಮಾಜಕಾರ್ಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸರ್ಕಾರದ ಆರೋಗ್ಯ ಕಾರ್ಡ್ ಇರುವ ಕುಟುಂಬಗಳಿಗೆ ಆಸ್ಪತ್ರೆ ಖರ್ಚು ಎಷ್ಟು ಹಗುರವಾಗಿದೆ ಎಂದು ತಿಳಿಯಲು 20 ಹಳ್ಳಿಗಳಲ್ಲಿ, ಹಳ್ಳಿಗೆ 20ರಂತೆ 400 ಮನೆಗಳ ಸಮೀಕ್ಷೆ ಮಾಡಿದೆ. ಹಿಂದಿನ 365 ದಿನಗಳಲ್ಲಿ ಯಾರಾದರೊಬ್ಬರು ಒಳರೋಗಿಯಾಗಿ ದಾಖಲಾಗಿದ್ದ ಮನೆಗಳು 88. ಕಾರ್ಡ್ ಇರುವ 48 ಮನೆಗಳು ಕೈಯಿಂದ ಮಾಡಿದ ಖರ್ಚು ಸರಾಸರಿ 14,300 ರೂಪಾಯಿ, ಮಾನಕ ವಿಚಲನೆ (ಮೊತ್ತಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 18,000. ಕಾರ್ಡ್ ಇಲ್ಲದ 40 ಮನೆಗಳದ್ದು ಸರಾಸರಿ 21,700, ಮಾನಕ ವಿಚಲನೆ 26,000. ಎರಡು ಸರಾಸರಿಗಳನ್ನು ಹೋಲಿಸುವ ಟಿ ಪರೀಕ್ಷೆ ಮಾಡಿದರೆ ಪಿ ಮೌಲ್ಯ 0.13 ಬಂತು. "ಗಣನೀಯ ವ್ಯತ್ಯಾಸವಿಲ್ಲ, ಕಾರ್ಡ್‌ನಿಂದ ಪರಿಣಾಮವಾಗಿಲ್ಲ ಎಂದು ಬರೆಯಿರಿ" ಎನ್ನುತ್ತಾರೆ ಮಾರ್ಗದರ್ಶಕರು. ಸಹಪಾಠಿಯೊಬ್ಬರು ಬೇರೆ ದಾರಿ ಹೇಳಿದರು. ಕಾರ್ಡ್ ಇರುವ ಗುಂಪಿನಲ್ಲಿ 82,000 ಮತ್ತು 95,000 ರೂಪಾಯಿ ಖರ್ಚಾದ ಎರಡು ಮನೆಗಳಿವೆ, ಅವು ಔಟ್‌ಲಯರ್, ಅಂದರೆ ಉಳಿದವುಗಳಿಂದ ತೀರಾ ದೂರ ಬಿದ್ದ ಮೊತ್ತಗಳು, ತೆಗೆದುಬಿಡು ಎಂದರು. ತೆಗೆದು ನೋಡಿದೆ, ಪಿ ಮೌಲ್ಯ 0.02 ಆಯಿತು. ಆದರೆ ಆ ಎರಡೂ ಮನೆಗಳಿಗೆ ಹೋಗಿ ಕುಳಿತು ಮಾತನಾಡಿದವಳು ನಾನೇ. ಅಳಿಸಲು ಮನಸ್ಸಾಗುತ್ತಿಲ್ಲ. ಅಳಿಸದಿದ್ದರೆ ಎರಡು ವರ್ಷದ ಕೆಲಸ ವ್ಯರ್ಥವೇ?

ಉತ್ತರ: ವ್ಯರ್ಥವಲ್ಲ. ಅಳಿಸಲೂ ಬೇಡಿ. ನಿಮಗೆ ಸಿಕ್ಕ ಸಲಹೆಗಳಲ್ಲಿ ಒಂದು ಅವಸರದ ತೀರ್ಮಾನ, ಇನ್ನೊಂದು ತಪ್ಪು ದಾರಿ. ಎರಡೂ ಒಂದೇ ಬೇರಿನಿಂದ ಹುಟ್ಟಿವೆ: ಪಿ ಮೌಲ್ಯ 0.05 ಎಂಬ ಗೆರೆಯ ಈಚೆಗೆ, ಅಂದರೆ ಅದಕ್ಕಿಂತ ಕೆಳಗೆ, ಬಿದ್ದರೆ ಸತ್ಯ, ಆಚೆಗೆ ಬಿದ್ದರೆ ಸುಳ್ಳು ಎಂಬ ನಂಬಿಕೆಯಿಂದ. ಆರೋಗ್ಯ ವೆಚ್ಚದ ಸಮೀಕ್ಷೆಗಳ ಲೆಕ್ಕ ನೋಡುತ್ತ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದೇನೆ. ಈ ನಂಬಿಕೆಯಿಂದಾಗಿ ಒಳ್ಳೆಯ ಸಮೀಕ್ಷೆಗಳು ಕಪಾಟು ಸೇರಿದ್ದನ್ನೂ ಕಳಪೆ ಸಮೀಕ್ಷೆಗಳು ಹೊಗಳಿಸಿಕೊಂಡದ್ದನ್ನೂ ಕಂಡಿದ್ದೇನೆ.

ಮೊದಲು 0.13 ಎಂದರೆ ಏನು ಎಂಬುದನ್ನು ಕೈಯಲ್ಲಿ ಹಿಡಿದು ನೋಡೋಣ. ನಿಮ್ಮ 88 ಮನೆಗಳ ಮೊತ್ತಗಳನ್ನು 88 ಚೀಟಿಗಳಲ್ಲಿ ಬರೆದು ಒಂದು ಡಬ್ಬಿಗೆ ಹಾಕಿ. ಕಾರ್ಡ್ ಇದೆ, ಇಲ್ಲ ಎಂಬ ಗುರುತು ಯಾವ ಚೀಟಿಯ ಮೇಲೂ ಬೇಡ. ಚೆನ್ನಾಗಿ ಕಲಕಿ, ನೋಡದೆ 48 ಚೀಟಿ ತೆಗೆದು ಒಂದು ಕಡೆ ಇಡಿ, ಉಳಿದ 40 ಇನ್ನೊಂದು ಕಡೆ. ಎರಡೂ ರಾಶಿಗಳ ಸರಾಸರಿ ತೆಗೆದು ಅಂತರ ಬರೆದುಕೊಳ್ಳಿ. ಮತ್ತೆ ಡಬ್ಬಿಗೆ ಹಾಕಿ, ಮತ್ತೆ ಕಲಕಿ. ಹೀಗೆ ನೂರು ಸಲ ಮಾಡಿದರೆ, ಕಾರ್ಡ್‌ಗೂ ಖರ್ಚಿಗೂ ಯಾವ ಸಂಬಂಧವೂ ಇಲ್ಲದ ಈ ಆಟದಲ್ಲಿಯೂ 7,400 ರೂಪಾಯಿ ಅಥವಾ ಅದಕ್ಕೂ ದೊಡ್ಡ ಅಂತರ, ಈ ಕಡೆಗೋ ಆ ಕಡೆಗೋ, ಹದಿಮೂರರ ಆಸುಪಾಸು ಸಲ ಬಂದೇ ಬರುತ್ತದೆ. ಪಿ ಮೌಲ್ಯ ಹೇಳುವುದು ಇಷ್ಟೇ. ಕಾರ್ಡ್ ಕೆಲಸ ಮಾಡಿಲ್ಲ ಎನ್ನಲು ಶೇ 13ರಷ್ಟು ಸಾಧ್ಯತೆ ಇದೆ ಎಂದು ಅದು ಹೇಳುವುದಿಲ್ಲ. ಶೇ 87ರಷ್ಟು ಖಚಿತವಾಗಿ ಕೆಲಸ ಮಾಡಿದೆ ಎಂದೂ ಹೇಳುವುದಿಲ್ಲ. ನಾನು ಪರಿಶೀಲಿಸಿದ ಪ್ರಬಂಧಗಳಲ್ಲಿ ಇವೆರಡಷ್ಟು ಪದೇ ಪದೇ ಕಂಡ ತಪ್ಪು ಬೇರೆ ಇಲ್ಲ.

ಕನ್ನಡದಲ್ಲಿ ಬರೆಯುವ ನಮಗೆ ಇನ್ನೊಂದು ತೊಡಕಿದೆ. ಸಂಖ್ಯಾಶಾಸ್ತ್ರದ ಈ ಪರಿಭಾಷೆಗೆ ನಾವು 'ಗಣನೀಯ' ಎನ್ನುತ್ತೇವೆ, ಕೆಲವರು 'ಮಹತ್ವದ' ಎನ್ನುತ್ತಾರೆ. ಗಣನೀಯ ಎಂದ ಕೂಡಲೇ ಗಣನೆಗೆ ತಕ್ಕದ್ದು, ದೊಡ್ಡದು ಎಂಬ ಅರ್ಥ ಮನಸ್ಸಿಗೆ ಬರುತ್ತದೆ. 'ಗಣನೀಯ ವ್ಯತ್ಯಾಸವಿಲ್ಲ' ಎಂದು ನೀವು ಬರೆದರೆ, ಓದುವ ಜಿಲ್ಲಾ ಪಂಚಾಯಿತಿ ಸದಸ್ಯರು 7,400 ರೂಪಾಯಿ ಲೆಕ್ಕಕ್ಕೇ ಇಲ್ಲವೆಂದು ತಿಳಿಯುತ್ತಾರೆ. ಕೂಲಿ ಮಾಡುವ ಮನೆಗೆ 7,400 ರೂಪಾಯಿ ಎಂದರೆ ಎಷ್ಟು ದಿನದ ದುಡಿಮೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಾನಾದರೆ ಈ ಪದವನ್ನು ಬಿಟ್ಟು 'ಮಾದರಿಯ ಆಕಸ್ಮಿಕದಿಂದ ಬೇರ್ಪಡಿಸಿ ಹೇಳಲಾಗುವ' ಅಥವಾ 'ಹೇಳಲಾಗದ ವ್ಯತ್ಯಾಸ' ಎಂದು ಬರೆಯುತ್ತೇನೆ. ಉದ್ದವಾಗುತ್ತದೆ, ಆದರೆ ಓದಿದವರು ದಾರಿ ತಪ್ಪುವುದಿಲ್ಲ.

ಇನ್ನು 0.05 ಎಂಬ ಗೆರೆ. ಇದನ್ನು ಪ್ರಚಾರಕ್ಕೆ ತಂದವರು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, 1925ರಲ್ಲಿ. ಇಪ್ಪತ್ತರಲ್ಲಿ ಒಂದು ಎಂಬುದು ಲೆಕ್ಕಕ್ಕೆ ಅನುಕೂಲವಾದ ಗೆರೆ ಎಂಬುದೇ ಅವರು ಕೊಟ್ಟ ಕಾರಣ. ಅನುಕೂಲಕ್ಕೆಂದು ಎಳೆದ ಗೆರೆ ಬರಬರುತ್ತ ಶಾಸನವಾಯಿತು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಈ ಬಗ್ಗೆ ಒಂದು ಹೇಳಿಕೆಯನ್ನೇ ಹೊರಡಿಸಿತು. ಪಿ ಮೌಲ್ಯ ಒಂದು ಗೆರೆ ದಾಟಿತೋ ಇಲ್ಲವೋ ಎಂಬುದೊಂದರ ಮೇಲೆ ವೈಜ್ಞಾನಿಕ ತೀರ್ಮಾನವನ್ನಾಗಲಿ ನೀತಿಯ ತೀರ್ಮಾನವನ್ನಾಗಲಿ ಮಾಡಬಾರದು, ಅದು ಪರಿಣಾಮದ ಗಾತ್ರವನ್ನು ಅಳೆಯುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಮಾರ್ಗದರ್ಶಕರೊಂದಿಗೆ ಮಾತನಾಡುವಾಗ ಈ ಹೇಳಿಕೆಯನ್ನು ಮುಂದಿಡಿ. ಅವರೂ ತಮಗೆ ಕಲಿಸಿದ್ದನ್ನೇ ನಿಮಗೆ ಹೇಳುತ್ತಿದ್ದಾರೆ, ಅವರ ಮೇಲೆ ಬೇಸರ ಬೇಡ.

ನಿಮ್ಮ ಅಂಕಿಗಳಿಂದ ನಾನು ಮಾಡಿದ ಲೆಕ್ಕ ಇದು. ಅಂತರ 7,400 ರೂಪಾಯಿ. ಅದರ ಮಾನಕ ದೋಷ, ಅಂದರೆ ಮಾದರಿಯಿಂದ ಮಾದರಿಗೆ ಆ ಅಂತರ ಎಷ್ಟು ಏರಿಳಿಯಬಹುದು ಎಂಬ ಅಳತೆ, ಸುಮಾರು 4,860. ಶೇ 95ರ ವಿಶ್ವಾಸಾಂತರ ತೆಗೆದರೆ, ಕಾರ್ಡ್ ಇರುವ ಮನೆಗಳ ಖರ್ಚು 17,100 ರೂಪಾಯಿ ಕಡಿಮೆ ಇರುವುದರಿಂದ ಹಿಡಿದು 2,300 ರೂಪಾಯಿ ಹೆಚ್ಚು ಇರುವವರೆಗೆ ಎಲ್ಲವೂ ನಿಮ್ಮ ಮಾಹಿತಿಗೆ ಹೊಂದುತ್ತದೆ. 'ಪರಿಣಾಮವಿಲ್ಲ' ಎಂದು ಬರೆಯಬೇಕಾದರೆ ಈ ವ್ಯಾಪ್ತಿ ಸೊನ್ನೆಯ ಆಚೀಚೆ ನೂರಿನ್ನೂರು ರೂಪಾಯಿಗಳಷ್ಟು ಬಿಗಿಯಾಗಿರಬೇಕಿತ್ತು. ಇಷ್ಟು ಅಗಲ ಇರುವಾಗ ಪರಿಣಾಮವಿಲ್ಲ ಎನ್ನಲು ಆಧಾರವಿಲ್ಲ. ಇದೆ ಎನ್ನಲೂ ಇನ್ನೂ ಸಾಲದು. ದೊಡ್ಡ ಪ್ರಯೋಜನವೂ ಇರಬಹುದು, ಏನೂ ಇಲ್ಲದಿರಲೂಬಹುದು, ಈ ಗಾತ್ರದ ಸಮೀಕ್ಷೆ ಇವೆರಡನ್ನು ಬೇರ್ಪಡಿಸಲಾರದು. ನಿಮ್ಮ ಫಲಿತಾಂಶ ಎಂದರೆ ಇದೇ.

ಇದು ನಮ್ಮ ಮಣ್ಣಿನದೇ ಒಂದು ಸಂಗತಿಯನ್ನು ನೆನಪಿಸುತ್ತದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮುಂತಾದ ದೊಡ್ಡ ಚಿಕಿತ್ಸೆಗಳನ್ನು ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಜಾರಿಗೆ ಬಂತು, ದಕ್ಷಿಣದ ಜಿಲ್ಲೆಗಳಿಗೆ ಬಂದದ್ದು ಆಮೇಲೆ. ಸಂಶೋಧಕರು ಈ ಗಡಿಯನ್ನೇ ಬಳಸಿಕೊಂಡರು. ಗಡಿಯ ಉತ್ತರಕ್ಕೆ ಯೋಜನೆ ಇದ್ದ 300 ಹಳ್ಳಿಗಳು, ದಕ್ಷಿಣಕ್ಕೆ ಅಂಟಿಕೊಂಡಂತಿದ್ದ, ಯೋಜನೆ ಇನ್ನೂ ಬರದ 272 ಹಳ್ಳಿಗಳು. 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸತ್ತವರ ಪ್ರಮಾಣ ಉತ್ತರದ ಬಡ ಕುಟುಂಬಗಳಲ್ಲಿ ಶೇ 0.32, ದಕ್ಷಿಣದ ಬಡ ಕುಟುಂಬಗಳಲ್ಲಿ ಶೇ 0.90. ಯೋಜನೆ ಅನ್ವಯಿಸದ, ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಗಡಿಯ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಶೇ 0.56 ಮತ್ತು 0.55. ದೊಡ್ಡಾಸ್ಪತ್ರೆಗೆ ದಾಖಲಾದಾಗಿನ ಕೈಖರ್ಚೂ ಬಡ ಕುಟುಂಬಗಳಿಗೆ ತಗ್ಗಿತ್ತು.

ನಿಮಗೆ ಬೇಕಾದ ಮಾತು ಅದೇ ಅಧ್ಯಯನದ ಇನ್ನೊಂದು ಸಾಲಿನಲ್ಲಿದೆ. ಯೋಜನೆಯ ಸೇವೆಗಳ ಬಳಕೆ ಹೆಚ್ಚಿತೇ ಎಂದು ನೋಡಿದಾಗ ಅಂದಾಜು ಶೇ 44.2ರಷ್ಟು ಏರಿಕೆ ಕಂಡಿತು, ಆದರೆ ವಿಶ್ವಾಸಾಂತರ ಶೇ 5.1ರಷ್ಟು ಇಳಿಕೆಯಿಂದ ಶೇ 90.5ರಷ್ಟು ಏರಿಕೆಯವರೆಗೆ ಚಾಚಿತ್ತು. ಪಿ ಮೌಲ್ಯ 0.059. ಸುಮಾರು ಅರವತ್ತು ಸಾವಿರ ಮನೆಗಳನ್ನು ಸುತ್ತಿದ ಸಮೀಕ್ಷೆಗೂ ಒಂದು ಪ್ರಶ್ನೆಯಲ್ಲಿ ಗೆರೆ ದಾಟಲಾಗಲಿಲ್ಲ. ದೊಡ್ಡ ಚಿಕಿತ್ಸೆಗೆ ದಾಖಲಾಗುವುದು ಅಪರೂಪದ ಘಟನೆ. ಎಷ್ಟು ಮನೆ ಸುತ್ತಿದರೂ ಅಂಥ ಪ್ರಕರಣಗಳು ಕೈಗೆ ಸಿಗುವುದು ಕೆಲವೇ. ಲೇಖಕರು ಆ ಸಾಲನ್ನು ಮುಚ್ಚಿಡಲಿಲ್ಲ, ತಿದ್ದಿ ಒಳಗೆ ತರಲೂ ಇಲ್ಲ. ಅಂದಾಜು, ವ್ಯಾಪ್ತಿ, ಪಿ ಮೌಲ್ಯ ಮೂರನ್ನೂ ಬರೆದು, ಬಳಕೆಯೂ ಹೆಚ್ಚಿರಬಹುದು ಎಂದು ಎಚ್ಚರದಿಂದ ಹೇಳಿದರು. ನೀವು ಹಿಡಿಯಬೇಕಾದ ದಾರಿಯೂ ಅದು.

ಹಾಗಾದರೆ ನಿಮಗೆ ಎಷ್ಟು ಮನೆಗಳು ಬೇಕಿದ್ದವು? ನಿಜವಾದ ಅಂತರ 7,400 ಎಂದೇ ಇಟ್ಟುಕೊಳ್ಳೋಣ. ಇಷ್ಟು ಏರಿಳಿತದ ಖರ್ಚಿನಲ್ಲಿ ಅದನ್ನು ಹತ್ತರಲ್ಲಿ ಎಂಟು ಸಲ ಪತ್ತೆಹಚ್ಚಬೇಕಾದರೆ ಪ್ರತಿ ಗುಂಪಿನಲ್ಲೂ ದಾಖಲಾದವರಿರುವ ಸುಮಾರು 140 ಮನೆಗಳು ಬೇಕು. ನಿಮ್ಮಲ್ಲಿ 400ಕ್ಕೆ 88 ಸಿಕ್ಕಿವೆ. ಆ ಲೆಕ್ಕದಲ್ಲಿ 1,300 ಮನೆಗಳ ಬಾಗಿಲು ತಟ್ಟಬೇಕಿತ್ತು. ಈಗಿನ ಗಾತ್ರದಲ್ಲಿ ಆ ಅಂತರ ಸಿಕ್ಕಿಬೀಳುವ ಸಾಧ್ಯತೆ ಮೂರರಲ್ಲಿ ಒಂದು. ಅಂದರೆ ಕಾರ್ಡ್ ನಿಜಕ್ಕೂ ಉಪಕಾರ ಮಾಡಿದ್ದರೂ ನಿಮ್ಮಂಥ ಮೂವರು ಸಂಶೋಧಕರಲ್ಲಿ ಇಬ್ಬರು 'ಪರಿಣಾಮವಿಲ್ಲ' ಎಂದು ಬರೆಯಬೇಕಾಗುತ್ತಿತ್ತು. 400 ಎಂಬುದು ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಅನೇಕ ವಿಭಾಗಗಳಲ್ಲಿ ಅದೊಂದು ಪದ್ಧತಿಯೇ ಆಗಿದೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವವರು ದಾಖಲಾದ 88 ಮನೆಯವರು ಮಾತ್ರ. ಈ ಲೆಕ್ಕವನ್ನು ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲೇ ಯಾರಾದರೂ ನಿಮಗೆ ಮಾಡಿಕೊಡಬೇಕಿತ್ತು.

ಈಗ ಆ ಎರಡು ಮನೆಗಳು.

ನಿಮ್ಮ ಸಹಪಾಠಿ ಹೇಳಿದ ಲೆಕ್ಕ ಸರಿಯಾಗಿದೆ, ನಾನೂ ಮಾಡಿ ನೋಡಿದೆ. ಎರಡನ್ನು ತೆಗೆದರೆ ಕಾರ್ಡ್ ಗುಂಪಿನ ಸರಾಸರಿ 14,300ರಿಂದ ಸುಮಾರು 11,100ಕ್ಕೆ ಇಳಿಯುತ್ತದೆ. ಮಾನಕ ವಿಚಲನೆ 18,000ದಿಂದ 9,000ಕ್ಕೆ ಕುಸಿಯುತ್ತದೆ. ಅಂತರ 10,600ಕ್ಕೆ ಹಿಗ್ಗುತ್ತದೆ, ಪಿ ಮೌಲ್ಯ 0.02 ಆಗುತ್ತದೆ. ಆದರೆ ಕಾರ್ಡ್ ಇಲ್ಲದ ಗುಂಪನ್ನು ನೋಡಿ. ಅಲ್ಲಿ ಸರಾಸರಿ 21,700, ವಿಚಲನೆ 26,000. ದೊಡ್ಡ ದೊಡ್ಡ ಮೊತ್ತಗಳಿಲ್ಲದೆ ಇಂಥ ವಿಚಲನೆ ಬರಲು ಸಾಧ್ಯವೇ ಇಲ್ಲ. ಆ ಮನೆಗಳನ್ನು ತೆಗೆಯುವ ಮಾತು ಯಾಕೆ ಬರಲಿಲ್ಲ? ಅವನ್ನು ತೆಗೆದರೆ ಆ ಗುಂಪಿನ ಸರಾಸರಿಯೂ ಇಳಿದು ಅಂತರ ಕುಗ್ಗುತ್ತದೆ. ಒಂದು ಕಡೆಯ ದೊಡ್ಡ ಮೊತ್ತ ದೋಷ, ಇನ್ನೊಂದು ಕಡೆಯದು ಮಾಹಿತಿ ಎಂದಾಗ, ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಲೆಕ್ಕ ಮಾಡಿದಂತೆ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಿಮ್ಮ ಪ್ರಶ್ನೆ ಕಾರ್ಡ್ ಕುಟುಂಬವನ್ನು ಖರ್ಚಿನಿಂದ ಕಾಪಾಡುತ್ತದೆಯೇ ಎಂಬುದು. ಕಾರ್ಡ್ ಇದ್ದೂ 82,000, 95,000 ಕಳೆದುಕೊಂಡ ಮನೆಗಳು ಆ ಪ್ರಶ್ನೆಗೆ ಸಿಕ್ಕ ಅತ್ಯಂತ ನೇರವಾದ ಉತ್ತರಗಳು. ಕಾರ್ಡ್ ಕೈಕೊಟ್ಟ ಮನೆಗಳನ್ನು ಪಟ್ಟಿಯಿಂದ ತೆಗೆದು, ಉಳಿದ ಮನೆಗಳಲ್ಲಿ ಕಾರ್ಡ್ ಚೆನ್ನಾಗಿ ಕೆಲಸ ಮಾಡಿದೆ ಎಂದು ಬರೆದರೆ ಆ ವಾಕ್ಯ ಯಾರಿಗೆ ಉಪಯೋಗ? ಯೋಜನೆ ನಡೆಸುವವರಿಗೆ ತಿಳಿಯಬೇಕಾದದ್ದೇ ಆ ಎರಡು ಮನೆಗಳಲ್ಲಿ ಏನಾಯಿತು ಎಂಬುದು.

ಆರೋಗ್ಯ ವೆಚ್ಚದಲ್ಲಿ ಔಟ್‌ಲಯರ್ ಎಂಬ ಮಾತನ್ನು ನಾನು ಬಹಳ ಹಿಂಜರಿದು ಬಳಸುತ್ತೇನೆ. ಎತ್ತರ, ತೂಕದಂತೆ ಖರ್ಚು ನಡುಮಧ್ಯದಲ್ಲಿ ಗುಂಪುಗೂಡುವುದಿಲ್ಲ. ಹೆಚ್ಚಿನವರಿಗೆ ಸ್ವಲ್ಪ, ಕೆಲವರಿಗೆ ಮನೆ ಮಾರುವಷ್ಟು. ಐದು ಮನೆಗಳಲ್ಲಿ 2,000, 3,500, 4,000, 6,500 ಮತ್ತು 94,000 ಖರ್ಚಾಗಿದೆ ಎನ್ನಿ. ಸರಾಸರಿ 22,000; ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ನಟ್ಟನಡುವೆ ಬರುವ ಮೊತ್ತ, 4,000. ಐದರಲ್ಲಿ ನಾಲ್ಕು ಮನೆಗಳು ಸರಾಸರಿಯ ಹತ್ತಿರಕ್ಕೂ ಬರಲಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು, 2017ರ ಜುಲೈಯಿಂದ 2018ರ ಜೂನ್‌ವರೆಗೆ ನಡೆದದ್ದು, ಹೆರಿಗೆ ಬಿಟ್ಟು ಒಂದು ದಾಖಲಾತಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,452 ರೂಪಾಯಿ, ಖಾಸಗಿ ಆಸ್ಪತ್ರೆಯಲ್ಲಿ 31,845 ರೂಪಾಯಿ ವೈದ್ಯಕೀಯ ವೆಚ್ಚವೆಂದು ಕಂಡಿತು. ಏಳು ಪಟ್ಟು. ಹೀಗಿರುವಾಗ ಯಾವ ಗುಂಪಿನಲ್ಲಿ ಎಷ್ಟು ಮಂದಿ ಖಾಸಗಿಗೆ ಹೋದರು ಎಂಬುದೇ ನಿಮ್ಮ ಸರಾಸರಿಯನ್ನು ಎತ್ತಿ ಇಳಿಸಿಬಿಡುತ್ತದೆ. ಮನೆಯೊಂದು ಸಾಲದ ಸುಳಿಗೆ ಬೀಳುವುದು ಬಲಗಡೆಯ ಈ ಉದ್ದನೆಯ ಬಾಲದಲ್ಲಿ. ಬಾಲವನ್ನು ಕತ್ತರಿಸಿದರೆ ನೀವು ಅಧ್ಯಯನ ಮಾಡಲು ಹೊರಟ ಸಂಕಟವೇ ಕಡತದಿಂದ ಮಾಯವಾಗುತ್ತದೆ.

ಮೊತ್ತವನ್ನು ತೆಗೆಯಬಹುದಾದ ಸಂದರ್ಭ ಒಂದಿದೆ. 8,200 ಬರೆಯುವಲ್ಲಿ ಬೆರಳು ಜಾರಿ 82,000 ಆಗಿದ್ದರೆ. ಆದ್ದರಿಂದ ಕಾಗದದ ಪ್ರಶ್ನಾವಳಿಯನ್ನು ತೆಗೆದು ಕಂಪ್ಯೂಟರಿನ ಅಂಕಿಯೊಂದಿಗೆ ಹೋಲಿಸಿ. ಎರಡೂ ಗುಂಪುಗಳ ಮೇಲಿನ ಐದೈದು ಮೊತ್ತಗಳನ್ನೂ ಹೀಗೆಯೇ ಪರಿಶೀಲಿಸಿ. ಸರಿ ಇದ್ದರೆ ಉಳಿಯಬೇಕು. ನೀವೇ ಕುಳಿತು ಬರೆದುಕೊಂಡದ್ದಾದ್ದರಿಂದ ಸರಿ ಇರುತ್ತದೆ ಎಂದೇ ನನ್ನ ಅಂದಾಜು.

ಬಾಲ ಉದ್ದವಿರುವ ಮಾಹಿತಿಗೆ ಟಿ ಪರೀಕ್ಷೆಯೊಂದನ್ನೇ ನಂಬಬೇಕಾಗಿಲ್ಲ. ಇರುವ ಮಾಹಿತಿಯಿಂದಲೇ ಮತ್ತೆ ಮತ್ತೆ ಮಾದರಿ ಎತ್ತಿ ನೋಡುವ ಬೂಟ್‌ಸ್ಟ್ರಾಪ್ ವಿಧಾನದಿಂದ ವಿಶ್ವಾಸಾಂತರ ತೆಗೆಯಬಹುದು. ಖರ್ಚೇ ಆಗದ ಮನೆಗಳು ಬಹಳವಿದ್ದರೆ, ಖರ್ಚಾಯಿತೇ ಎಂಬುದನ್ನು ಒಂದು ಹಂತ, ಆದವರಿಗೆ ಎಷ್ಟಾಯಿತು ಎಂಬುದನ್ನು ಇನ್ನೊಂದು ಹಂತ ಮಾಡಿ ವಿಶ್ಲೇಷಿಸಬಹುದು. ಮೊತ್ತಗಳ ಲಾಗ್ (ಲಾಗರಿದಮ್) ತೆಗೆದುಕೊಳ್ಳುವ ಸಲಹೆಯೂ ನಿಮಗೆ ಬಂದೇ ಬರುತ್ತದೆ. ಅದರಲ್ಲಿ ಎರಡು ಅಪಾಯಗಳಿವೆ. ಸೊನ್ನೆಗೆ ಲಾಗ್ ಇಲ್ಲ. ಹಾಗಾಗಿ ಕಾರ್ಡ್‌ನಿಂದ ಪೂರ್ತಿ ಉಚಿತ ಚಿಕಿತ್ಸೆ ಪಡೆದ ಮನೆ, ಅಂದರೆ ಯೋಜನೆ ಅತ್ಯಂತ ಯಶಸ್ವಿಯಾದ ಮನೆ, ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಎರಡನೆಯದು, ಲಾಗ್‌ನಲ್ಲಿ ಹೋಲಿಸಿದಾಗ ಸಿಗುವ ಉತ್ತರ ಅನುಪಾತದ್ದು. ಸರ್ಕಾರಕ್ಕೂ ಕುಟುಂಬಕ್ಕೂ ಬೇಕಾದ ರೂಪಾಯಿ ಲೆಕ್ಕ ಅದರಿಂದ ನೇರವಾಗಿ ಬರುವುದಿಲ್ಲ. ಮಧ್ಯಾಂಕವನ್ನು ಸರಾಸರಿಯ ಪಕ್ಕದಲ್ಲಿ ಕೊಡಿ, ಸರಾಸರಿಯ ಬದಲಿಗೆ ಬೇಡ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಹೇಳಬೇಕು. ನೀವು 400 ಮನೆಗಳನ್ನು ಇಡೀ ಜಿಲ್ಲೆಯಿಂದ ಬಿಡಿಬಿಡಿಯಾಗಿ ಆರಿಸಲಿಲ್ಲ, 20 ಹಳ್ಳಿಗಳಿಂದ ಗೊಂಚಲುಗಳಾಗಿ ತೆಗೆದಿರಿ. ಒಂದೇ ಹಳ್ಳಿಯ ಮನೆಗಳಿಗೆ ಅದೇ ಪ್ರಾಥಮಿಕ ಆರೋಗ್ಯ ಕೇಂದ್ರ, ಅದೇ ಆಶಾ ಕಾರ್ಯಕರ್ತೆ, ತಾಲ್ಲೂಕು ಆಸ್ಪತ್ರೆಗೆ ಅದೇ ಬಸ್. ಅವರ ಖರ್ಚುಗಳಲ್ಲಿ ಹೋಲಿಕೆ ಇರುತ್ತದೆ. ಆದ್ದರಿಂದ ಇಪ್ಪತ್ತು ಮನೆಗಳು ಇಪ್ಪತ್ತು ಪ್ರತ್ಯೇಕ ಸಾಕ್ಷಿಗಳಾಗುವುದಿಲ್ಲ. ಆ ಹೋಲಿಕೆಯ ಅಳತೆ (ಸೊನ್ನೆ ಎಂದರೆ ಹೋಲಿಕೆಯೇ ಇಲ್ಲ, ಒಂದು ಎಂದರೆ ಎಲ್ಲ ಮನೆಗಳೂ ಒಂದೇ; ಪಿ ಮೌಲ್ಯದ ಗೆರೆಗೂ ಇದಕ್ಕೂ ಸಂಬಂಧವಿಲ್ಲ) 0.05ರಷ್ಟು ಸಣ್ಣದಿದ್ದರೂ 400 ಮನೆಗಳ ತೂಕ ಸುಮಾರು 205 ಮನೆಗಳಷ್ಟಕ್ಕೆ ಇಳಿಯುತ್ತದೆ. ದಾಖಲಾದವರು ಹಳ್ಳಿಗೆ ನಾಲ್ಕೈದು ಮನೆ ಮಾತ್ರ ಇರುವುದರಿಂದ ನಿಮ್ಮಲ್ಲಿ ಪೆಟ್ಟು ಅಷ್ಟು ಜೋರಾಗಿಲ್ಲ, ಪ್ರತಿ ಹಳ್ಳಿಯಲ್ಲೂ ಎರಡೂ ಬಗೆಯ ಮನೆಗಳಿದ್ದರೆ ಇನ್ನೂ ಕಡಿಮೆ. ಆದರೂ ಹಳ್ಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನದಲ್ಲಿಯೇ ಮತ್ತೊಮ್ಮೆ ಪರೀಕ್ಷಿಸಿ. ಪಿ ಮೌಲ್ಯ 0.2ರ ಹತ್ತಿರಕ್ಕೆ ಹೋದರೂ ಗಾಬರಿಯಾಗಬೇಡಿ. ಅದನ್ನು ಈಗ ನೀವೇ ಹೇಳದಿದ್ದರೆ ಮೌಖಿಕ ಪರೀಕ್ಷೆಯಲ್ಲಿ ಬೇರೆಯವರು ಹೇಳುತ್ತಾರೆ.

ಪಿ ಮೌಲ್ಯಕ್ಕೆ ಕಾಣಿಸದ ದೋಷಗಳ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಚಿಂತೆ. ಅದು ಅಳೆಯುವುದು ಮಾದರಿಯ ಆಕಸ್ಮಿಕವನ್ನು ಮಾತ್ರ. ಜನ ಮರೆತದ್ದನ್ನು, ಹೇಳದೆ ಬಿಟ್ಟದ್ದನ್ನು, ನಾವು ತಪ್ಪಾಗಿ ಕೇಳಿದ್ದನ್ನು ಅದು ಅಳೆಯುವುದಿಲ್ಲ. ಹಲವು ವರ್ಷಗಳ ಹಿಂದೆ ಗದಗ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಸಮೀಕ್ಷೆಗಾರರೊಂದಿಗೆ ಒಂದು ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಯಜಮಾನರು ತಾಯಿಯ ಆಪರೇಷನ್‌ಗೆ "ಮೂವತ್ತು ಸಾವಿರ ಆತು" ಎಂದರು. ಬಿಲ್ ಇವೆಯೇ ಎಂದು ಕೇಳಿದಾಗ ಅವರ ತಾಯಿಯೇ ಒಳಗೆ ಹೋಗಿ, ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದ ಪ್ಲಾಸ್ಟಿಕ್ ಚೀಲ ತಂದರು. ರಬ್ಬರ್ ಬ್ಯಾಂಡ್ ಹಾಕಿದ ಬಿಲ್ಲುಗಳನ್ನು ಒಂದೊಂದಾಗಿ ಕೂಡಿದರೆ ಹನ್ನೊಂದು ಸಾವಿರ ಚಿಲ್ಲರೆ. ನಮ್ಮ ಹುಡುಗ 11,000 ಎಂದು ಬರೆಯಲು ಪೆನ್ನು ಎತ್ತಿದ. ತಡಿ ಎಂದೆ. ಉಳಿದದ್ದು ಯಾವುದು ಎಂದು ಕೇಳಿದಾಗ ಒಂದೊಂದಾಗಿ ಹೊರಬಂತು: ಬಾಡಿಗೆ ಕಾರು ಮೂರು ಸಲ, ಜೊತೆಗಿದ್ದ ಇಬ್ಬರ ಹನ್ನೆರಡು ದಿನದ ಊಟ, ಹೊರಗಿನ ಲ್ಯಾಬಿನಲ್ಲಿ ರಸೀದಿ ಇಲ್ಲದೆ ಮಾಡಿಸಿದ ಪರೀಕ್ಷೆಗಳು, ಓಲೆ ಅಡವಿಟ್ಟು ತಂದ ಹಣದ ಬಡ್ಡಿ. ಬಿಲ್ಲೂ ಸುಳ್ಳಲ್ಲ, ಯಜಮಾನರ ಮಾತೂ ಸುಳ್ಳಲ್ಲ. ಆದರೆ ಒಬ್ಬ ಸಮೀಕ್ಷೆಗಾರ ಬಿಲ್ ನೋಡಿ ಬರೆದು, ಇನ್ನೊಬ್ಬ ಬಾಯಿಮಾತು ಬರೆದಿದ್ದರೆ ಒಂದೇ ಮನೆಗೆ ಹತ್ತೊಂಬತ್ತು ಸಾವಿರದ ಅಂತರ. ನೀವು ಹುಡುಕುತ್ತಿರುವ ಅಂತರಕ್ಕಿಂತ ಎರಡು ಪಟ್ಟು ಹೆಚ್ಚು.

ರಾಷ್ಟ್ರೀಯ ಮಾದರಿ ಸಮೀಕ್ಷೆ ಆಸ್ಪತ್ರೆ ದಾಖಲಾತಿಗೆ 365 ದಿನ, ಹೊರರೋಗಿ ಚಿಕಿತ್ಸೆಗೆ 15 ದಿನ ಎಂದು ನೆನಪಿನ ಅವಧಿಯನ್ನು ಬೇರೆ ಬೇರೆ ಇಟ್ಟಿರುವುದು ಸುಮ್ಮನೆ ಅಲ್ಲ. ಆಪರೇಷನ್ ವರ್ಷವಾದರೂ ನೆನಪಿರುತ್ತದೆ, ಜ್ವರದ ಮಾತ್ರೆ ತಿಂಗಳಿಗೇ ಮರೆತುಹೋಗುತ್ತದೆ. ನಿಮ್ಮ ತಂಡದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮನೆಗಳಿಗೆ ಹೋಗಿದ್ದರೆ, ಯಾರು ತಂದ ಮೊತ್ತ ಎಷ್ಟು ಎಂದು ಬೇರ್ಪಡಿಸಿ ನೋಡಿ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು ಬಂಗಾಳದ ಸೆಣಬಿನ ಬೆಳೆ ಸಮೀಕ್ಷೆಗಳ ಕಾಲದಲ್ಲಿಯೇ ಇದಕ್ಕೊಂದು ಉಪಾಯ ಮಾಡಿದ್ದರು. ಮಾದರಿಯನ್ನು ಒಂದರೊಳಗೊಂದು ಹೆಣೆದ ಎರಡು ಉಪಮಾದರಿಗಳಾಗಿ ಒಡೆದು, ಬೇರೆ ಬೇರೆ ತಂಡಗಳನ್ನು ಕಳಿಸುವುದು. ಎರಡು ತಂಡಗಳ ಉತ್ತರ ದೂರ ದೂರ ಬಂದರೆ ದೋಷ ಬೆಳೆಯಲ್ಲಿಲ್ಲ, ಅಳೆಯುವವರಲ್ಲಿದೆ ಎಂದು ತಿಳಿಯುತ್ತದೆ. ಇಷ್ಟು ಸರಳವಾದ, ನಮ್ಮ ದೇಶದಲ್ಲಿಯೇ ಬೆಳೆದ ಉಪಾಯವನ್ನು ಇಂದಿನ ಸಣ್ಣ ಸಮೀಕ್ಷೆಗಳು ಬಳಸದೆ ಬಿಟ್ಟಿರುವುದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನೊಂದು ಪ್ರಶ್ನೆಗೂ ಸಿದ್ಧರಾಗಿರಿ. ಪಿ ಮೌಲ್ಯ 0.001 ಬಂದಿದ್ದರೂ 'ಕಾರ್ಡ್‌ನಿಂದಲೇ ಖರ್ಚು ತಗ್ಗಿತು' ಎನ್ನಲು ಆಗುತ್ತಿರಲಿಲ್ಲ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷದವರೆಗೆ. ಹಾಗಾದರೆ ನಿಮ್ಮ 'ಕಾರ್ಡ್ ಇಲ್ಲದ' 40 ಮನೆಗಳು ಯಾರವು? ಸ್ವಲ್ಪ ಅನುಕೂಲಸ್ಥರಾಗಿದ್ದು ನೇರವಾಗಿ ಖಾಸಗಿಗೆ ಹೋದವರೇ? ಹಾಗಿದ್ದರೆ ಅವರು ಹೆಚ್ಚು ಖರ್ಚು ಮಾಡಿದ್ದು ಕೈಯಲ್ಲಿ ಇದ್ದುದರಿಂದ. ಖರ್ಚು ಕಡಿಮೆ ಎಂದರೆ ಸಂಕಟ ಕಡಿಮೆ ಎಂದೂ ಅಲ್ಲ. ದುಡ್ಡಿಲ್ಲದೆ ಆಸ್ಪತ್ರೆಗೇ ಹೋಗದವರ ಖರ್ಚು ಸೊನ್ನೆ, ಅವರು ನಿಮ್ಮ 88ರಲ್ಲಿ ಇಲ್ಲವೇ ಇಲ್ಲ. ದಾಖಲಾಗದ 312 ಮನೆಗಳಲ್ಲಿ 'ವೈದ್ಯರು ದಾಖಲಾಗಿ ಎಂದರೂ ಆಗಲಿಲ್ಲ' ಎಂದವರು ಎಷ್ಟು ಎಂಬ ಪ್ರಶ್ನೆ ನಿಮ್ಮ ಪ್ರಶ್ನಾವಳಿಯಲ್ಲಿ ಇದ್ದರೆ ಅದನ್ನು ದಯವಿಟ್ಟು ಮೇಲಕ್ಕೆ ತನ್ನಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು, ಇದ್ದ ಮಾಹಿತಿಯನ್ನು ಇದ್ದಂತೆ ಬರೆಯುವುದು: ಅಂತರ, ವಿಶ್ವಾಸಾಂತರ, ಮಧ್ಯಾಂಕ, ಹಳ್ಳಿ ಗೊಂಚಲಿನ ತಿದ್ದುಪಡಿ, ಮಾದರಿ ಸಾಲದೆಂಬ ಒಪ್ಪಿಗೆ. ಇದರಲ್ಲಿ ಅಪಾಯವೆಂದರೆ ಕೆಲವು ನಿಯತಕಾಲಿಕಗಳು ಹಿಂದಿರುಗಿಸಬಹುದು, ಅಷ್ಟೇ. ನನ್ನ ಒಲವು ಇದರ ಕಡೆಗೆ.

ಎರಡನೆಯದು, ಇನ್ನಷ್ಟು ಮನೆಗಳಿಗೆ ಹೋಗುವುದು. ಕೈಯಲ್ಲಿ ಸಮಯ, ಹಣ ಇದ್ದರೆ ಒಳ್ಳೆಯದೇ. ಆದರೆ ನೂರು ಮನೆ ಸೇರಿಸಿ ಪಿ ಮೌಲ್ಯ ನೋಡಿ, ದಾಟದಿದ್ದರೆ ಇನ್ನೂ ನೂರು ಸೇರಿಸಿ ನೋಡುತ್ತ ಹೋದರೆ, ಆಕಸ್ಮಿಕವಾಗಿಯಾದರೂ ಅದು ಒಂದು ದಿನ ಗೆರೆ ದಾಟುವ ಸಾಧ್ಯತೆ ಪ್ರತಿ ಸಲವೂ ಬೆಳೆಯುತ್ತದೆ. ಹೋಗುವುದಾದರೆ ಎಷ್ಟು ಮನೆ ಎಂದು ಈಗಲೇ ಬರೆದು, ಮಾರ್ಗದರ್ಶಕರ ಸಹಿ ಹಾಕಿಸಿ, ಆ ಸಂಖ್ಯೆ ಮುಗಿಯುವವರೆಗೆ ಲೆಕ್ಕ ತೆರೆಯಬೇಡಿ. ಮುಂದಿನ ವರ್ಷ ಹೋಗುವ ಮನೆಗಳಿಗೆ ಚಿಕಿತ್ಸೆಯ ಬೆಲೆ, ಯೋಜನೆಯ ನಿಯಮ ಬೇರೆಯಾಗಿರಬಹುದು ಎಂಬುದನ್ನೂ ಗಮನಿಸಿ.

ಮೂರನೆಯದು, ಬೇರೆ ಬೇರೆ ರೀತಿಯಲ್ಲಿ ಒಡೆದು ನೋಡುವುದು: ತಾಲ್ಲೂಕುವಾರು, ಜಾತಿವಾರು, ಕಾಯಿಲೆವಾರು. ಎಲ್ಲಾದರೂ ಗೆರೆ ದಾಟುವ ಪಿ ಮೌಲ್ಯ ಸಿಗುವ ಸಾಧ್ಯತೆಯೇ ಹೆಚ್ಚು. ಯಾವ ವ್ಯತ್ಯಾಸವೂ ಇಲ್ಲದ ಮಾಹಿತಿಯಲ್ಲಿ ಪರಸ್ಪರ ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೆ ಒಂದಾದರೂ ಗೆರೆ ದಾಟುವ ಸಾಧ್ಯತೆ ಶೇ 64. ಒಡೆದು ನೋಡಿ, ಬೇಡವೆನ್ನುವುದಿಲ್ಲ. ಆದರೆ ಎಷ್ಟು ಬಗೆಯಲ್ಲಿ ನೋಡಿದಿರಿ ಎಂದು ಬರೆಯಿರಿ, ಸಿಕ್ಕಿದ್ದನ್ನು ಮುಂದಿನ ಅಧ್ಯಯನಕ್ಕೆ ಪ್ರಶ್ನೆಯಾಗಿ ಇಡಿ.

ನಾಲ್ಕನೆಯದು, ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆವಾರು ಮಾಹಿತಿಯನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯದಿಂದ ಪಡೆದು, ಕರ್ನಾಟಕದ ಭಾಗವನ್ನು ನಿಮ್ಮ ಜಿಲ್ಲೆಯ ಚಿತ್ರದ ಪಕ್ಕದಲ್ಲಿಡುವುದು. 75ನೇ ಸುತ್ತಿನಲ್ಲಿ ದೇಶದಾದ್ಯಂತ 1,13,823 ಮನೆಗಳಿವೆ. ಒಂದು ಜಿಲ್ಲೆಗೆ ಇಳಿದರೆ ಅಲ್ಲಿಯೂ ದಾಖಲಾದವರ ಸಂಖ್ಯೆ ಕಿರಿದಾಗುತ್ತದೆ, ಆದ್ದರಿಂದ ಹಾವೇರಿಗೆಂದೇ ಅಂಕಿ ತೆಗೆಯಲು ಹೋಗಬೇಡಿ. ಅಷ್ಟು ದೊಡ್ಡ ಮಾದರಿಯಲ್ಲಿ ಇದರ ಉಲ್ಟಾ ಅಪಾಯವೂ ಇದೆ. ತೀರಾ ಸಣ್ಣ ಅಂತರವೂ ಗೆರೆ ದಾಟಿ 'ಗಣನೀಯ' ಎನಿಸಿಕೊಳ್ಳುತ್ತದೆ. ಅಲ್ಲಿಯೂ ರೂಪಾಯಿ ಎಷ್ಟು ಎಂಬುದನ್ನೇ ಮೊದಲು ನೋಡಿ.

ಪ್ರಬಂಧದಲ್ಲಿ ಹೀಗೆ ಬರೆಯಬಹುದು: "ಕಾರ್ಡ್ ಇರುವ ಕುಟುಂಬಗಳು ಒಂದು ವರ್ಷದಲ್ಲಿ ಆಸ್ಪತ್ರೆ ದಾಖಲಾತಿಗೆ ಸರಾಸರಿ 7,400 ರೂಪಾಯಿ ಕಡಿಮೆ ಖರ್ಚು ಮಾಡಿವೆ. 17,100 ರೂಪಾಯಿ ಕಡಿಮೆಯಿಂದ 2,300 ರೂಪಾಯಿ ಹೆಚ್ಚಿನವರೆಗಿನ ಯಾವ ಅಂತರವೂ ಈ ಮಾಹಿತಿಗೆ ಹೊಂದುತ್ತದೆ. 88 ಮನೆಗಳ ಮಾದರಿ ಇದನ್ನು ತೀರ್ಮಾನಿಸಲು ಸಾಲದು. ಕಾರ್ಡ್ ಇದ್ದರೂ ಎರಡು ಮನೆಗಳು 80,000 ರೂಪಾಯಿಗೂ ಹೆಚ್ಚು ಖರ್ಚು ಮಾಡಿವೆ, ಅವುಗಳ ವಿವರ ಮುಂದಿನ ಭಾಗದಲ್ಲಿದೆ." ಹಳ್ಳಿ ಗೊಂಚಲಿನ ಲೆಕ್ಕ ಮಾಡಿದ ಮೇಲೆ ವ್ಯಾಪ್ತಿಯ ಅಂಕಿಗಳನ್ನು ಬದಲಿಸಿಕೊಳ್ಳಿ.

ಆ ಮುಂದಿನ ಭಾಗಕ್ಕಾಗಿ ಇನ್ನೊಮ್ಮೆ ಆ ಎರಡು ಮನೆಗಳಿಗೆ ಹೋಗಿ ಬನ್ನಿ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇತ್ತೇ, ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಸಿಕ್ಕಿತ್ತೇ, ಕಾರ್ಡ್ ತೋರಿಸಿದಾಗ ಏನೆಂದರು, ದಾಖಲಾಗುವ ಮೊದಲೇ ಸ್ಕ್ಯಾನಿಂಗ್‌ಗೆ ಎಷ್ಟು ಹೋಯಿತು, ಬಿಡುಗಡೆಯಾದ ಮೇಲೆ ಔಷಧಕ್ಕೆ ಎಷ್ಟು, ಹಣ ಎಲ್ಲಿಂದ ತಂದರು, ಇನ್ನೂ ಎಷ್ಟು ತೀರಿಸಬೇಕು ಎಂದು ಕೇಳಿ. ಬಿಲ್ಲಿನ ಚೀಲ ಇದ್ದರೆ ಒಪ್ಪಿಗೆ ಪಡೆದು ಕೂಡಿ ನೋಡಿ, ಬಿಲ್ಲಿಲ್ಲದ ಖರ್ಚನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಹೆಸರು, ಊರು ಪ್ರಬಂಧದಲ್ಲಿ ಬರದಂತೆ ನೋಡಿಕೊಳ್ಳಿ. ಕಾರ್ಡ್ ಇಲ್ಲದ ಗುಂಪಿನಲ್ಲಿ ಅತಿ ಹೆಚ್ಚು ಖರ್ಚಾದ ಎರಡು ಮನೆಗಳಲ್ಲೂ ಇದೇ ಪ್ರಶ್ನೆಗಳನ್ನು, ಇದೇ ಕ್ರಮದಲ್ಲಿ ಕೇಳಿ.